ಸಂದಿಯಲ್ಲಿ ನುಸುಳುವುದು ಅಪರಾಧವೇ?

ಬೆಂಗಳೂರಿನ ವಾಹನ ಸಂಚಾರದ ಮಾತು ಬಂದಾಗಲೆಲ್ಲ ಕಾರಿನವರ ಬಾಯಿಂದ ಒಂದೇ ತೀರ್ಪು ಹೊರಬೀಳುತ್ತದೆ: "ಈ ಬೈಕಿನವರಿಗೆ ಶಿಸ್ತೇ ಇಲ್ಲ. ಎರಡು ಸಾಲುಗಳ ನಡುವೆ ನುಸುಳುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಬೇಕು." ಮೇಲ್ನೋಟಕ್ಕೆ ಸರಿಯೆನಿಸುವ ಈ ಮಾತು ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಂತಿರುವ ವಾಹನಗಳ ನಡುವೆ ದ್ವಿಚಕ್ರ ವಾಹನವು ನಿಧಾನವಾಗಿ ಮುಂದಕ್ಕೆ ಸಾಗಲು ಕಾನೂನು ಸ್ಪಷ್ಟವಾಗಿ ಅನುಮತಿ ನೀಡಬೇಕು. ಓಡುತ್ತಿರುವ ವಾಹನಗಳ ನಡುವೆ ನುಗ್ಗುವುದನ್ನು ದಂಡಿಸಬೇಕು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಿರುವುದರಿಂದಲೇ ನಮ್ಮ ಚರ್ಚೆ ದಾರಿ ತಪ್ಪಿದೆ.

ಮೊದಲು ಸರಳ ಲೆಕ್ಕವೊಂದನ್ನು ನೋಡೋಣ. ಪ್ರಮಾಣಬದ್ಧವಾದ ಒಂದು ಲೇನಿನ ಅಗಲ 3.5 ಮೀಟರ್, ಸಾಮಾನ್ಯ ಕಾರಿನ ಅಗಲ ಸುಮಾರು 1.7 ಮೀಟರ್. ಎರಡು ಕಾರುಗಳು ತಮ್ಮ ತಮ್ಮ ಲೇನಿನ ಮಧ್ಯದಲ್ಲಿ ನಿಂತರೆ ನಡುವೆ 1.8 ಮೀಟರ್ ಜಾಗ ಉಳಿಯುತ್ತದೆ. ಬೈಕಿಗೆ ಬೇಕಾದದ್ದು ಅದರ ಅರ್ಧಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳೇ. ಪ್ರತಿಯೊಂದು ಬೈಕೂ ಕಾರಿನಂತೆ ಲೇನಿನ ಮಧ್ಯದಲ್ಲಿ ಸರದಿ ಹಿಡಿದು ನಿಂತಿತೆನ್ನಿ. ಇಂದು ಹತ್ತು ಕಾರುಗಳಿರುವ ಸಾಲಿನಲ್ಲಿ ಆಗ ಮೂವತ್ತು ವಾಹನಗಳಿರುತ್ತವೆ! ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಸಾಲಿನ ಬಾಲ ಎಲ್ಲಿಯವರೆಗೆ ಬೆಳೆದೀತೆಂದು ಓದುಗರೇ ಊಹಿಸಲಿ. ಬೈಕಿನವನು ಸಂದಿಯಲ್ಲಿ ಮುಂದೆ ಹೋದರೆ ಕಾರಿನವನ ಜಾಗವನ್ನು ಕಸಿದುಕೊಂಡಂತಲ್ಲ, ಬಿಟ್ಟುಕೊಟ್ಟಂತೆ.

ಎರಡನೆಯದು ಪ್ರಾಣದ ಪ್ರಶ್ನೆ. ಸಾಲಿನ ಕೊನೆಯಲ್ಲಿ ನಿಂತ ಬೈಕ್ ಸವಾರನ ಬೆನ್ನಿಗೆ ತಗಡಿನ ರಕ್ಷಣೆಯೂ ಇಲ್ಲ. ಹಿಂದಿನಿಂದ ಬರುವ ಲಾರಿಯ ಬ್ರೇಕು ಒಂದು ಕ್ಷಣ ತಡವಾದರೆ ಅವನು ಎರಡು ವಾಹನಗಳ ನಡುವೆ ಅಪ್ಪಚ್ಚಿಯಾಗುತ್ತಾನೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಅಪಘಾತಕ್ಕೊಳಗಾದವರಲ್ಲಿ, ಸಾಲುಗಳ ನಡುವೆ ಸಾಗುತ್ತಿದ್ದ ಸವಾರರು ಹಿಂದಿನಿಂದ ಗುದ್ದಿಸಿಕೊಂಡದ್ದು ಇತರ ಸವಾರರಿಗಿಂತ ಕಡಿಮೆ; ಅವರ ತಲೆಗೆ ಪೆಟ್ಟಾದದ್ದೂ ಕಡಿಮೆ. ಆದರೆ ಮುಂದಿನ ವಾಹನಕ್ಕೆ ಅವರಾಗಿಯೇ ಗುದ್ದಿದ ಪ್ರಕರಣಗಳು ಹೆಚ್ಚು. ಸುತ್ತಲಿನ ವಾಹನಗಳಿಗಿಂತ ಗಂಟೆಗೆ ಸುಮಾರು 24 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೋದವರಿಗೆ ಗಾಯಗಳೂ ಹೆಚ್ಚು. ಅಂದರೆ ಕೇಡು ಇರುವುದು ಸಂದಿಯಲ್ಲಲ್ಲ, ವೇಗದಲ್ಲಿ. ಗಂಟೆಗೆ 20 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿನಲ್ಲಿ ಐದೂವರೆ ಮೀಟರ್ ಕ್ರಮಿಸಿದರೆ, 50 ಕಿ.ಮೀ. ವೇಗದ್ದು ಸುಮಾರು ಹದಿನಾಲ್ಕು ಮೀಟರ್ ಕ್ರಮಿಸುತ್ತದೆ. ವೇಗ ಎರಡೂವರೆ ಪಟ್ಟಾದರೆ ಚಲನಶಕ್ತಿ ಆರು ಪಟ್ಟು ಮೀರುತ್ತದೆ. ಪಕ್ಕದ ಕಾರಿನ ಬಾಗಿಲು ಹಠಾತ್ತನೆ ತೆರೆದಾಗ ಬದುಕು ಸಾವುಗಳನ್ನು ನಿರ್ಧರಿಸುವುದು ಈ ವ್ಯತ್ಯಾಸವೇ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಒಟ್ಟು ಸಾವುಗಳಲ್ಲಿ ಹತ್ತಕ್ಕೆ ಏಳಕ್ಕೆ ಕಾರಣ ಅತಿವೇಗವೆಂದು ಅದೇ ವರದಿ ದಾಖಲಿಸಿದೆ.

ಅನ್ಯರು ಈ ವಿವೇಚನೆಯನ್ನು ಕಾನೂನಿಗೆ ಇಳಿಸಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2014ರ ಜುಲೈ 1ರಿಂದ, ನಿಂತ ಅಥವಾ ನಿಧಾನವಾಗಿ ಚಲಿಸುವ ವಾಹನಗಳ ನಡುವೆ ಗಂಟೆಗೆ 30 ಕಿ.ಮೀ. ಮೀರದಂತೆ ಸಾಗಲು ಅನುಮತಿ ನೀಡಿತು. ಕಲಿಯುವವರಿಗೆ ಆ ಅನುಮತಿಯಿಲ್ಲ. ಶಾಲಾ ವೇಳೆಯಲ್ಲಿ ಶಾಲಾ ವಲಯದಲ್ಲಿ ಯಾರಿಗೂ ಇಲ್ಲ. ಕ್ಯಾಲಿಫೋರ್ನಿಯಾ 2016ರಲ್ಲಿ ಶಾಸನ ಮಾಡಿ ಇದನ್ನು ವಿಧ್ಯುಕ್ತವಾಗಿ ಒಪ್ಪಿತು.

ನಮ್ಮಲ್ಲಿ? 2017ರ ಚಾಲನಾ ನಿಯಮಾವಳಿ ಲೇನಿನ ಶಿಸ್ತನ್ನು ಬಯಸುತ್ತದೆ. 2019ರ ತಿದ್ದುಪಡಿಯಿಂದ ಬಂದ 177ಎ ಕಲಮು, ಅಂಥ ನಿಯಮವನ್ನು ಮುರಿದವರಿಗೆ 500ರಿಂದ 1000 ರೂಪಾಯಿ ದಂಡ ವಿಧಿಸುತ್ತದೆ. ನಿತ್ಯವೂ ಲಕ್ಷಾಂತರ ಜನ ಪೊಲೀಸರ ಕಣ್ಣೆದುರೇ ಸಂದಿಗಳಲ್ಲಿ ಸಾಗುತ್ತಿರುವಾಗ ಈ ಕಾಗದದ ಶಿಸ್ತಿಗೆ ಅರ್ಥವೇನು? ತರಗತಿಯನ್ನು ನಿಭಾಯಿಸಿದ ಯಾವ ಉಪಾಧ್ಯಾಯರಿಗಾದರೂ ಒಂದು ಸತ್ಯ ಗೊತ್ತು: ಪಾಲಿಸಲಾಗದ ಒಂದು ನಿಯಮವು ಪಾಲಿಸಬಹುದಾದ ಹತ್ತು ನಿಯಮಗಳ ಮರ್ಯಾದೆಯನ್ನೂ ಕಳೆಯುತ್ತದೆ. ಎಲ್ಲರೂ ಮುರಿಯುವ ನಿಯಮವು ನಿಯಮವಲ್ಲ. ಬೇಕಾದವನನ್ನು ಬೇಕಾದಾಗ ಹಿಡಿಯಲು ಹಾಸಿಟ್ಟ ಬಲೆ.

"ಇವರಿಗೆ ಬೆರಳು ಕೊಟ್ಟರೆ ಹಸ್ತ ನುಂಗುತ್ತಾರೆ, ನಾಳೆ ಫುಟ್‌ಪಾತಿಗೂ ಹತ್ತುತ್ತಾರೆ" ಎಂಬ ಆಕ್ಷೇಪವುಂಟು. ಹತ್ತುವವರು ಈಗಲೇ ಹತ್ತುತ್ತಿದ್ದಾರಲ್ಲ! ಅವರಿಗೆ ನನ್ನಲ್ಲಿ ಎಳ್ಳಷ್ಟೂ ಕನಿಕರವಿಲ್ಲ. ರಸ್ತೆಯಲ್ಲಿ ನ್ಯಾಯವಾದ ದಾರಿಯನ್ನು ಕೊಟ್ಟ ಮೇಲೆ, ಪಾದಚಾರಿಯ ದಾರಿಗೆ ಚಕ್ರ ಹತ್ತಿಸಿದವನ ಬಳಿ ಯಾವ ನೆಪವೂ ಉಳಿಯುವುದಿಲ್ಲ. "ನಮ್ಮ ರಸ್ತೆಗಳಲ್ಲಿ ಲೇನೇ ಇಲ್ಲ, ಜನ ವಾಹನಗಳ ನಡುವೆಯೇ ದಾಟುತ್ತಾರೆ" ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಆದ್ದರಿಂದಲೇ ಅನುಮತಿಗೆ ಎಲ್ಲೆಗಳು ಬೇಕೆನ್ನುವುದು. ಜನ ಇಳಿಯುತ್ತಿರುವ ಬಸ್ಸಿನ ಎಡಬದಿಯಲ್ಲಿ ಕೂಡದು. ಜೀಬ್ರಾ ಪಟ್ಟಿಯ ಮೇಲೆ, ಶಾಲೆಗಳ ಮುಂದೆ ಕೂಡದು. ತಿರುಗಲಿರುವ ಲಾರಿಯ ಪಕ್ಕದಲ್ಲಿ, ಚಾಲಕನ ಕಣ್ಣಿಗೆ ಬೀಳದ ಜಾಗದಲ್ಲಿ ಕೂಡದು. ಗಂಟೆಗೆ 20 ಕಿ.ಮೀ. ಮೀರಕೂಡದು. ಹಸಿರು ದೀಪ ಬೆಳಗಿ ಸಾಲು ಚಲಿಸತೊಡಗಿದೊಡನೆ ಲೇನಿಗೆ ಮರಳಬೇಕು. ಜತೆಗೆ ತೈವಾನಿನಲ್ಲಿರುವಂತೆ ಸಿಗ್ನಲ್ಲಿನ ಮುಂಭಾಗದಲ್ಲಿ ಬೈಕುಗಳಿಗೆಂದೇ ಬಣ್ಣದ ಚೌಕವೊಂದನ್ನು ಬರೆದರೆ, ಅವು ಜೀಬ್ರಾ ಪಟ್ಟಿಯನ್ನು ಆಕ್ರಮಿಸುವುದೂ ತಪ್ಪೀತು.

ಕೊನೆಯದಾಗಿ, ಈ ನಿಷೇಧದ ಹೊರೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಮರೆಯಬಾರದು. ಕಾರಿನೊಳಗಿನವನಿಗೆ ತಂಪು ಗಾಳಿಯುಂಟು, ಸಂಗೀತವುಂಟು. ಬೈಕಿನವನಿಗೆ ನೆತ್ತಿಯ ಮೇಲೆ ಬಿಸಿಲು, ಮುಖಕ್ಕೆ ಬಸ್ಸಿನ ಹೊಗೆ, ಹಿಂದೆ ಕುಳಿತ ಮಗುವಿನ ಅಳು. ಮನೆಬಾಗಿಲಿಗೆ ಊಟ ಬೇಗ ತಲುಪಲಿಲ್ಲವೆಂದು ಸಿಡುಕುವವರೇ, ಅದನ್ನು ತರುವ ಹುಡುಗ ಸಂದಿಯಲ್ಲಿ ನುಸುಳಿದನೆಂದು ಶಿಸ್ತಿನ ಪಾಠ ಹೇಳುತ್ತಾರೆ. ಇದು ಶಿಸ್ತಿನ ಕಾಳಜಿಯಲ್ಲ, ಅನುಕೂಲಸ್ಥರ ಅಸಹನೆ. ಅಗಲವಾದ ವಾಹನ ಕೊಂಡವನು ಸಾಲಿನಲ್ಲಿ ಸಿಕ್ಕಿಕೊಂಡರೆ ಅದು ಅವನ ಆಯ್ಕೆಯ ಫಲ; ಕಿರಿದಾದ ವಾಹನದವನೂ ಜತೆಗೆ ಬೇಯಲಿ ಎನ್ನುವುದು ಸಮಾನತೆಯಲ್ಲ. ಸರ್ಕಾರ ನಿಯಮವನ್ನು ಸ್ಪಷ್ಟವಾಗಿ ಬರೆಯಲಿ, ಎಲ್ಲೆಯನ್ನು ಗುರುತಿಸಲಿ, ಎಲ್ಲೆ ಮೀರಿದವರನ್ನು ನಿರ್ದಾಕ್ಷಿಣ್ಯವಾಗಿ ದಂಡಿಸಲಿ. ಅದಕ್ಕೂ ಮೊದಲು ದಂಡದ ಮಾತಾಡುವುದು ನ್ಯಾಯವಲ್ಲ.