ನೀರು ಎರಡು ದಿಕ್ಕಿಗೆ ಹರಿಯುವ ಊರು

ಜರ್ಮನಿಯ ಟ್ಯೂಬಿಂಗನ್ ಊರಿನ ಋಣ ಕನ್ನಡದ ಮೇಲೆ ದೊಡ್ಡದಿದೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ಅಚ್ಚಾದ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಂಡ್ ಕಿಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿದ್ದು ಅಲ್ಲಿಯ ವಿಶ್ವವಿದ್ಯಾಲಯ. ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ್ದೂ ಅದೇ ಊರಿನಲ್ಲಿ. ಇವರಿಬ್ಬರ ಕನ್ನಡ ಬರಿಯ ಪಾಠದ ಕನ್ನಡವಾಗಿರಲಿಲ್ಲ. ಮೋಗ್ಲಿಂಗ್ ಗಾದೆಗಳನ್ನೂ ದಾಸರ ಪದಗಳನ್ನೂ ಕೂಡಿಸಿ ಅಚ್ಚು ಹಾಕಿಸಿದ. ಗಾದೆ ಸಿಗುವುದು ಜಗಲಿಯ ಮೇಲೆ, ಹೊಲದ ಬದುವಿನಲ್ಲಿ, ಒಲೆಯ ಮುಂದೆ. ಅಲ್ಲಿ ಹೋಗಿ ಕೂತವನಿಗಷ್ಟೇ ಅದು ದಕ್ಕುತ್ತದೆ.

ಈಗ ಪಯಣದ ದಿಕ್ಕು ತಿರುಗಿದೆ. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 49 ಸಾವಿರ. ಅಲ್ಲಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು. ನಮ್ಮ ಅಣ್ಣನ ಮಗಳೂ ಈಗ ಟ್ಯೂಬಿಂಗನ್‌ನಲ್ಲಿ ಎಂ.ಎಸ್‌ಸಿ. ಮಾಡುತ್ತಿದ್ದಾಳೆ. ವೀಸಾ ಸಿಗಬೇಕಾದರೆ ವರ್ಷದ ಖರ್ಚಿಗೆಂದು 11,904 ಯೂರೋ ಬ್ಯಾಂಕಿನಲ್ಲಿ ಕಟ್ಟಿಡಬೇಕಾಯಿತು. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿನ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನೂ ಕೊಡಬೇಕು. ಹೀಗೆ ಲೆಕ್ಕ ಹಾಕಿ ಹೋದ ಹುಡುಗಿಯ ದಿನಚರಿಯೂ ಲೆಕ್ಕದ್ದೇ ಆಗುತ್ತದೆ: ತರಗತಿ, ಲ್ಯಾಬು, ಸಂಜೆಗೊಂದು ಸಣ್ಣ ಕೆಲಸ, ಹಾಸ್ಟೆಲಿನ ಸಾಮೂಹಿಕ ಅಡುಗೆಮನೆಯಲ್ಲಿ ಹೈದರಾಬಾದಿನ ಮತ್ತು ಪುಣೆಯ ಗೆಳತಿಯರೊಂದಿಗೆ ಅನ್ನ-ಸಾರು. ಎರಡು ವರ್ಷ ಹೀಗೇ ಕಳೆದು, ಪದವಿ ಹಿಡಿದು, ಆ ದೇಶದ ಒಂದು ಮನೆಯ ಹೊಸ್ತಿಲನ್ನೂ ದಾಟದೆ ಬರುವವರು ಬಹಳ. “ಕಾಕಾ, ನಾ ಬಂದು ವರ್ಷ ಆತು. ಇಲ್ಲಿ ಯಾರ ಅಡಿಗಿಮನ್ಯಾಗೂ ಕಾಲ ಇಟ್ಟಿದ್ದಿಲ್ಲ ನೋಡ್ರಿ,” ಎಂದು ಅವಳು ಫೋನಿನಲ್ಲಿ ಹೇಳಿದಾಗ ನನಗೆ ಕಸಿವಿಸಿಯಾಯಿತು.

ಊರಿನ ಕುಟುಂಬಗಳು ವಿದೇಶಿ ವಿದ್ಯಾರ್ಥಿಗಳನ್ನು ವಾರಾಂತ್ಯಕ್ಕೆ ಮನೆಗೆ ಕರೆಯುವ ಏರ್ಪಾಟು ಅಲ್ಲಿಯ ಹಲವು ವಿಶ್ವವಿದ್ಯಾಲಯದ ಊರುಗಳಲ್ಲಿದೆ. ಈ ಪದ್ಧತಿ ಹೊಸದಲ್ಲ. ಅಮೆರಿಕದ ಡೊನಾಲ್ಡ್ ವಾಟ್ 1932ರಲ್ಲಿ ‘ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್’ ಆರಂಭಿಸಿದ್ದು, ಪರದೇಶದವರನ್ನು ಅರಿಯಬೇಕಾದರೆ ಅವರ ಜೊತೆ ಬದುಕಬೇಕು ಎಂಬ ನಂಬಿಕೆಯಿಂದ. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಆಂಬುಲೆನ್ಸ್ ಸೇವೆಯಾಗಿ ಹುಟ್ಟಿದ ಎ.ಎಫ್.ಎಸ್., ಎರಡನೆಯ ಮಹಾಯುದ್ಧ ಮುಗಿದ ಮೇಲೆ ಶಾಲಾಮಕ್ಕಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳಿಸುವ ಸಂಸ್ಥೆಯಾಯಿತು. ಯುದ್ಧದಲ್ಲಿ ಹೆಣ ಕಂಡವರು ಮುಂದಿನ ಪೀಳಿಗೆಯ ಮಕ್ಕಳನ್ನು ಪರರ ಊಟದ ಮೇಜಿಗೆ ಕೂರಿಸಲು ಹೊರಟರು. ಶಾಂತಿಗಾಗಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ವಿವೇಕದ್ದು ನನಗೆ ಹೆಚ್ಚು ಕಾಣುವುದಿಲ್ಲ.

ಇಂಥದೊಂದು ಏರ್ಪಾಟಿನ ಮೂಲಕ ನಮ್ಮ ಹುಡುಗಿಗೆ ಸಿಕ್ಕಿದ್ದು ಬಾಟ್ ಉರಾಖ್ ಎಂಬ ಸಣ್ಣ ಊರಿನ ವಯಸ್ಸಾದ ದಂಪತಿ. ಆಕೆ ನಿವೃತ್ತ ಶಿಕ್ಷಕಿ; ಆತ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು, ಕಲ್ಲು ಕೂಡಿಸುವ ಹವ್ಯಾಸದವನು. ಶುಕ್ರವಾರ ರಾತ್ರಿ ಅವರು ಬಡಿಸಿದ್ದು ಶ್ವಾಬಿಯ ಸೀಮೆಯ ಮನೆಯೂಟ: ವಿನೆಗರ್ ಹಾಕಿದ ಚನ್ನಂಗಿ ಕಾಳು ಮತ್ತು ಸ್ಪೆಟ್ಸ್‌ಲೆ. ಗೋಧಿ ಹಿಟ್ಟಿಗೆ ಮೊಟ್ಟೆ ಒಡೆದು ಕಲಸಿ, ಮಣೆಯ ಮೇಲಿಂದ ಕುದಿಯುವ ನೀರಿಗೆ ಎಳೆಎಳೆಯಾಗಿ ಹೆರೆದರೆ ಸ್ಪೆಟ್ಸ್‌ಲೆ. ಜೊತೆಗೆ ಸಾಸೇಜ್ ಇರುವುದು ರೂಢಿ, ಇವಳಿಗಾಗಿ ಅದನ್ನು ಬಿಟ್ಟಿದ್ದರು. ಮೊದಲ ತುತ್ತಿಗೇ ಇವಳಿಗೆ ಅವ್ವ ಮಾಡುವ ಹುಳಿ ನೆನಪಾಯಿತಂತೆ.

ಆ ಕಾಳಿನ ಕಥೆಯನ್ನು ಅಜ್ಜಿ ಊಟದ ನಡುವೆಯೇ ಹೇಳಿದಳು. ಶ್ವಾಬಿಯನ್ ಆಲ್ಬ್ ಎಂಬ ಅಲ್ಲಿಯ ಪ್ರಸ್ಥಭೂಮಿ ಸುಣ್ಣಕಲ್ಲಿನದು. ತೆಳುವಾದ, ಕಲ್ಲು ತುಂಬಿದ ಮಣ್ಣು. ಬೇರೆ ಬೆಳೆ ಸೊರಗುವ ಜಾಗದಲ್ಲಿ ಚನ್ನಂಗಿ ಬರುತ್ತಿತ್ತು. ಬಳ್ಳಿ ನೆಲಕ್ಕೆ ಬೀಳದಂತೆ ಆಸರೆಗೆ ಜವೆಗೋಧಿಯನ್ನೋ ಓಟ್ಸನ್ನೋ ಜೊತೆಗೆ ಬಿತ್ತುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ, ಹೊರಗಿನ ಅಗ್ಗದ ಕಾಳು ಬಂದಂತೆ, ಬಿತ್ತುವವರು ಇಲ್ಲವಾದರು. ತಳಿಯೇ ಕಣ್ಮರೆಯಾಯಿತು. ಊರವರು ಹಬ್ಬಹರಿದಿನಕ್ಕೆ ಉಣ್ಣುವ ಕಾಳು ದೂರದೇಶದ್ದಾಗಿತ್ತು. 2006ರಲ್ಲಿ ಆಲ್ಬ್‌ನ ಹಳೆಯ ತಳಿಗಳು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಾವಿಲೋವ್ ಸಂಸ್ಥೆಯ ಬೀಜಭಂಡಾರದಲ್ಲಿ ಸಿಕ್ಕವು. ಅದು ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಆ ನಗರಕ್ಕೆ ಮುತ್ತಿಗೆ ಹಾಕಿದ್ದಾಗ, ಅಲ್ಲಿಯ ವಿಜ್ಞಾನಿಗಳು ಹಸಿವಿನಿಂದ ಸಾಯುತ್ತಿದ್ದರೂ ಬೀಜವನ್ನು ಮುಟ್ಟದೆ ಕಾಪಾಡಿದ ಸಂಸ್ಥೆ. ಕೈಹಿಡಿಯಷ್ಟು ಬೀಜದಿಂದ ರೈತರು ಮತ್ತೆ ಹೊಲ ತುಂಬಿಸಿದರು. “ನಮ್ಮವರ ಸೈನ್ಯ ಯಾರನ್ನು ಹಸಿವಿನಿಂದ ಕೊಂದಿತೋ ಅವರೇ ನಮ್ಮ ಬೀಜ ಉಳಿಸಿದರು,” ಎಂದು ಹೇಳಿ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ. ಸೆಮಿನಾರ್ ಕೋಣೆಯಲ್ಲಿ ಜರ್ಮನಿಯ ಇತಿಹಾಸದ ಬಗ್ಗೆ ಬಹಳ ಕೇಳಬಹುದು. ಈ ಮಾತನ್ನು ಈ ದನಿಯಲ್ಲಿ ಕೇಳಲು ಮಾತ್ರ ಒಬ್ಬರ ಮನೆಯ ತಟ್ಟೆ ಎದುರಿಗಿರಬೇಕು.

ಶನಿವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಿದರು. ಉರಾಖ್‌ನ ಜಲಪಾತ 37 ಮೀಟರು ನೇರ ಧುಮುಕುತ್ತದೆ. ಎತ್ತರದಲ್ಲಿ ನಮ್ಮ ಜೋಗದ ಎದುರು ಅದು ಮಗು. ಆದರೆ ಅದರ ನಡತೆ ಬೇರೆ. ಬಹುತೇಕ ಜಲಪಾತಗಳು ಬಂಡೆಯನ್ನು ಕೊರೆಯುತ್ತ ಹಿಂದಕ್ಕೆ ಸರಿಯುತ್ತವೆ. ಇದು ಮುಂದಕ್ಕೆ ಬೆಳೆಯುತ್ತದೆ. ಮಳೆನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಳ್ಳುತ್ತದೆ. ಒರತೆಯಾಗಿ ಹೊರಬಂದು ಗಾಳಿಗೆ ಚೆದುರಿದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಒಂದಷ್ಟನ್ನು ಪಾಚಿ ಹೀರುತ್ತದೆ. ಆಗ ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಪಾಚಿಯ ಮೇಲೆಯೇ ಹೆಪ್ಪುಗಟ್ಟುತ್ತದೆ. ನೀರು ತಾನು ಬೀಳುವ ಅಂಚನ್ನು ತಾನೇ ಕಟ್ಟುತ್ತದೆ.

ಮೇಲೆ ಹೋದರೆ ರುಚೆನ್‌ಫೆಲ್ಸನ್ ಎಂಬ ಕಡಿದಾದ ಬಂಡೆಸಾಲು. ಅಲ್ಲಿ ಹಾದುಹೋಗುವ ದೊಡ್ಡ ಕಾಲುದಾರಿಗೆ ಮರಗಳ ಮೇಲೆ ಕೆಂಪು ತ್ರಿಕೋನದ ಗುರುತು. ಅದರ ಚೂಪು ತುದಿ ಟುಟ್ಲಿಂಗನ್ ಊರಿನ ದಿಕ್ಕನ್ನು ತೋರಿಸುತ್ತದೆ. ಈ ಗುರುತುಗಳನ್ನು ಬರೆಯುವುದು ಸರಕಾರವಲ್ಲ. 1888ರಲ್ಲಿ ಹುಟ್ಟಿದ ಶ್ವಾಬಿಯನ್ ಆಲ್ಬ್ ಸಂಘ ಎಂಬ ನಡೆಯುವವರ ಸಂಘದ ಸ್ವಯಂಸೇವಕರು ಸುಮಾರು 20 ಸಾವಿರ ಕಿಲೋಮೀಟರು ದಾರಿಯನ್ನು ನೋಡಿಕೊಳ್ಳುತ್ತಾರೆ. ಇವಳನ್ನು ಕರೆದ ಮನೆಯ ಅಜ್ಜನ ಪಾಲಿಗೂ ಒಂದು ತುಂಡು ದಾರಿ ಇತ್ತು. ಜೇಬಿನಲ್ಲಿ ಸಣ್ಣ ಗರಗಸ, ಚೀಲದಲ್ಲಿ ಬಣ್ಣದ ಡಬ್ಬಿ. ಗುರುತನ್ನು ಮುಚ್ಚಿದ್ದ ಟೊಂಗೆಯೊಂದನ್ನು ಆತ ಕತ್ತರಿಸುವಾಗ ಟೊಂಗೆ ಹಿಡಿದು ನಿಂತವಳು ನಮ್ಮ ಧಾರವಾಡದ ಹುಡುಗಿ. ನನಗೆ ಈ ವಾರಾಂತ್ಯದ ಕಥೆಯಲ್ಲಿ ತುಂಬ ಹಿಡಿಸಿದ್ದು ಈ ಗಳಿಗೆ. ಅಲ್ಲಿಯವರೆಗೆ ಅವಳು ಆ ದೇಶದಲ್ಲಿ ಅರ್ಜಿ ಹಾಕುವವಳು, ಸರತಿಯಲ್ಲಿ ನಿಲ್ಲುವವಳು. ಟೊಂಗೆ ಹಿಡಿದಾಗ ಆ ದಾರಿಯಲ್ಲಿ ನಾಳೆ ನಡೆಯುವ ಯಾರೋ ಅಪರಿಚಿತರಿಗೆ ಅವಳೂ ಏನೋ ಮಾಡಿಟ್ಟಂತಾಯಿತು.

ಕಾಡಿನಲ್ಲಿ ಹೀಗೆ ನಡೆಯುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಜರ್ಮನಿಯ 1975ರ ಅರಣ್ಯ ಕಾಯ್ದೆಯ ಪ್ರಕಾರ ಕಾಡು ಯಾರದೇ ಆಗಿರಲಿ, ವಿಹಾರಕ್ಕೆಂದು ಅದರೊಳಗೆ ನಡೆಯುವ ಹಕ್ಕು ಎಲ್ಲರಿಗೂ ಉಂಟು. ನೆನ್ನೆ ಬಂದ ವಿದ್ಯಾರ್ಥಿಗೂ. ಹುಲಿ, ಆನೆ ಇರುವ ನಮ್ಮ ಕಾಡಿಗೆ ಇದೇ ನಿಯಮ ಒಗ್ಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಹಕ್ಕಿನ ಜೊತೆಗೇ ಬಣ್ಣದ ಡಬ್ಬಿಯೂ ಜನರ ಕೈಯಲ್ಲಿದೆ ಎಂಬುದನ್ನು ಗಮನಿಸಬೇಕು. ನಮ್ಮ ಚಾರಣದ ದಾರಿಗಳಲ್ಲಿ ಟಿಕೆಟ್ ಇದೆ, ಗೇಟು ಇದೆ. ದಾರಿಯನ್ನು ತನ್ನದೆಂದು ನೋಡಿಕೊಳ್ಳುವ ಅಜ್ಜ ಕಾಣುವುದು ಕಡಿಮೆ.

ಪ್ರಸ್ಥಭೂಮಿಯ ಮೇಲಿನ ಹಳ್ಳಿಯೊಂದರಲ್ಲಿ ಬುತ್ತಿ ಬಿಚ್ಚಿದರು. ಅಲ್ಲೊಂದು ಹಳೆಯ ಹೊಂಡವಿತ್ತು. ಸುಣ್ಣಕಲ್ಲು ಮಳೆಯನ್ನೆಲ್ಲ ನುಂಗಿಬಿಡುವುದರಿಂದ ಮೇಲೆ ಹೊಳೆಯಿಲ್ಲ, ಬಾವಿ ತೋಡಿದರೂ ನೀರಿಲ್ಲ. ತಳಕ್ಕೆ ಜೇಡಿಮಣ್ಣು ಮೆತ್ತಿ ಮಾಡಿದ ಇಂಥ ಹೊಂಡಗಳಲ್ಲಿ ನಿಂತ ನೀರೇ ದನಕ್ಕೂ ಜನಕ್ಕೂ ಗತಿಯಾಗಿತ್ತು. ಬೇಸಿಗೆಯಲ್ಲಿ ಕಣಿವೆಗೆ ಗಾಡಿ ಹೊಡೆದುಕೊಂಡು ಹೋಗಿ ನೀರು ತರಬೇಕಿತ್ತು. ಕಾರ್ಲ್ ಎಹ್ಮನ್ ಎಂಬ ಎಂಜಿನಿಯರ್, ಕಣಿವೆಯ ಹೊಳೆಯ ಬಲದಿಂದಲೇ ಪಂಪು ತಿರುಗಿಸಿ ಒರತೆಯ ನೀರನ್ನು ಮೇಲಕ್ಕೆ ಏರಿಸುವ ಯೋಜನೆ ಮಾಡಿದ. 1871ರಲ್ಲಿ ಯುಸ್ಟಿಂಗನ್ ಎಂಬ ಹಳ್ಳಿಗೆ ಮೊದಲ ಬಾರಿ ಕೊಳವೆ ನೀರು ಬಂತು.

ಭಾನುವಾರ ಅಲ್ಲಿ ಅಂಗಡಿಗಳಿಗೆ ಬಾಗಿಲು. ಕಾರಿನಲ್ಲಿ ಆಲ್ಬ್‌ನ ಇನ್ನೊಂದು ಮಗ್ಗುಲಿಗೆ ಹೋದರು. ಅಲ್ಲಿಯ ಹೋಲೆ ಫೆಲ್ಸ್ ಗವಿಯಲ್ಲಿ 2008ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯದ ನಿಕೋಲಸ್ ಕೊನಾರ್ಡ್ ಅವರ ತಂಡ ಮ್ಯಾಮತ್ ದಂತದಲ್ಲಿ ಕೆತ್ತಿದ ಹೆಣ್ಣಿನ ಪುಟ್ಟ ಮೂರ್ತಿಯನ್ನೂ ರಣಹದ್ದಿನ ರೆಕ್ಕೆಯ ಮೂಳೆಯ ಕೊಳಲನ್ನೂ ಪತ್ತೆ ಮಾಡಿತು. ಕೊಳಲಿಗೆ ಐದು ತೂತು, ಉದ್ದ ಸುಮಾರು 22 ಸೆಂಟಿಮೀಟರು, ವಯಸ್ಸು ಸುಮಾರು 40 ಸಾವಿರ ವರ್ಷ. ಗವಿಯ ಹತ್ತಿರದ ಬ್ಲೌಬೊಯ್ರನ್ ಊರಿನ ಮ್ಯೂಸಿಯಮ್ಮಿನಲ್ಲಿ ಅವುಗಳನ್ನು ಕಂಡು, ಬ್ಲೌಟೋಪ್ಫ್ ಎಂಬ ಕಡುನೀಲಿ ಒರತೆಯ ದಂಡೆಗೆ ಬಂದರು. ಆಲ್ಬ್ ನುಂಗಿದ ಮಳೆ ನೆಲದಡಿಯ ಗವಿಗಳಲ್ಲಿ ಹರಿದು ಇಲ್ಲಿ ಮೇಲೇಳುತ್ತದೆ.

ಅಲ್ಲಿ ಅಜ್ಜ ಒಂದು ಮಾತು ಹೇಳಿದ. ನೆನ್ನೆ ಜಲಪಾತದಲ್ಲಿ ಕಂಡ ನೀರು ನೆಕ್ಕರ್ ಸೇರಿ, ರೈನ್ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಇಂದು ಕಾಣುತ್ತಿರುವ ನೀರು ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಯೂರೋಪಿನ ನೀರು ಇಬ್ಭಾಗವಾಗುವ ಗೆರೆ ನಾವು ನಡೆದ ಬೆಟ್ಟದ ಮೇಲೆಯೇ ಇದೆ. ಆಮೇಲೆ ಅವಳನ್ನು ಕೇಳಿದ: ನಿಮ್ಮೂರಿನ ಕಲ್ಲು ಯಾವುದು? ನಿಮ್ಮೂರಿನ ನೀರು ಯಾವ ಸಮುದ್ರಕ್ಕೆ ಹೋಗುತ್ತದೆ?

ಅವಳಿಗೆ ಹೇಳಲಾಗಲಿಲ್ಲ. ಅವರ ಮನೆಗೆ ಮರಳಿದ ಮೇಲೆ, ರಾತ್ರಿ ನನಗೆ ಫೋನು ಬಂತು. “ಕಾಕಾ, ಧಾರವಾಡ ಅಂದಕೂಡ್ಲೆ ಆ ಅಜ್ಜ ಎದ್ದು ಕಲ್ಲಿನ ಪುಸ್ತಕ ತಂದ್ರು. ಅದರಾಗ ನಮ್ಮೂರ ಹೆಸರೈತಿ!”

ಹೆಸರು ಇರುವುದು ಸಹಜವೇ. ಆಲ್ಬ್‌ನ ಬಂಡೆ ಸುಮಾರು 15 ಕೋಟಿ ವರ್ಷದ ಹಿಂದಿನ ಸಮುದ್ರದ ತಳ. ಧಾರವಾಡದ ಸುತ್ತಿನ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಹತ್ತೊಂಬತ್ತನೆಯ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆ ಶಿಲಾವರ್ಗಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟ. ಇಂದು ಕರ್ನಾಟಕದ ಬಹುಭಾಗವನ್ನು ಹೊತ್ತಿರುವ ಪುರಾತನ ಭೂಖಂಡದ ತುಣುಕನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಧಾರವಾಡದ ಹೆಸರಿನಿಂದಲೇ ಕರೆಯುತ್ತಾರೆ. ನೀರಿನ ಪ್ರಶ್ನೆಗೂ ಉತ್ತರ ಮನೆಯ ಹಿಂದೆಯೇ ಇತ್ತು. ಧಾರವಾಡ ನಿಂತಿರುವುದು ಜಲವಿಭಾಜಕ ದಿಣ್ಣೆಯ ಮೇಲೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಪಶ್ಚಿಮದ ಕಡಲಿಗೆ ಇಳಿಯುತ್ತದೆ. ಮೂಡಣಕ್ಕೆ ಬಿದ್ದ ಮಳೆ ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಅವಳು ಬೆಳೆದದ್ದೂ ನೀರು ಎರಡು ದಿಕ್ಕಿಗೆ ಹರಿಯುವ ಊರಿನಲ್ಲೇ.

ಹೊರದೇಶದಲ್ಲಿ ಓದುವ ಮಕ್ಕಳನ್ನು ನಾವು ಅಂಕ ಎಷ್ಟು, ಕೆಲಸ ಯಾವಾಗ ಎಂದು ಕೇಳುತ್ತೇವೆ. ಯಾರ ಮನೆಗೆ ಹೋಗಿದ್ದಿ, ಅವರ ಊರಿನ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳುವುದು ಒಳ್ಳೆಯದು. ಎರಡು ದಿನದಲ್ಲಿ ದೇಶ ಅರ್ಥವಾಗುವುದಿಲ್ಲ, ನಿಜ. ಆದರೆ ಮನೆಯವರಿಗೆ ಪರದೇಶದ ಹುಡುಗಿಯ ಎದುರು ತಮ್ಮ ನೆಲವನ್ನು ವಿವರಿಸುವ ಸಂದರ್ಭ ಬರುತ್ತದೆ, ಹುಡುಗಿಗೆ ತನ್ನ ನೆಲದ ಬಗ್ಗೆ ಉತ್ತರ ಕೊಡುವ ಸಂದರ್ಭ ಬರುತ್ತದೆ. ಪಠ್ಯಕ್ರಮದಲ್ಲಿ ಈ ಎರಡಕ್ಕೂ ಜಾಗವಿಲ್ಲ.

ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐ.ಐ.ಟಿ. ಇದೆ. ಹೊರರಾಜ್ಯದ, ಹೊರದೇಶದ ಹುಡುಗರು ಹಾಸ್ಟೆಲುಗಳಲ್ಲಿ ಭಾನುವಾರ ಕಳೆಯುತ್ತಿದ್ದಾರೆ. ರೊಟ್ಟಿ, ಝುಣಕ, ಶೇಂಗಾ ಚಟ್ನಿ ಕಟ್ಟಿಕೊಂಡು ಅವರಲ್ಲಿ ಇಬ್ಬರನ್ನು ಸೋಮೇಶ್ವರಕ್ಕೆ ಕರೆದೊಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ. ಶಾಲ್ಮಲೆಯ ಮೂಲ ತೋರಿಸಿ, ಊರಿನ ಮೂಡಣ ಮಗ್ಗುಲಿಗೂ ಒಂದು ಸುತ್ತು ಹಾಕಿಸಬಹುದು. ನಮ್ಮ ಅಣ್ಣ ಬರುವ ಭಾನುವಾರ ಕೃಷಿ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆದಿದ್ದಾನೆ. ದಾರಿ ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.