ತಲೆಯೆಣಿಕೆ, ಮನೆಯೆಣಿಕೆ

ಕೆರೆಯ ಹೂಳೆತ್ತಿಸುವ ವಿಚಾರವಾಗಿ ಊರಿನವರು ಸಭೆ ಸೇರಿದ್ದಾರೆಂದು ಇಟ್ಟುಕೊಳ್ಳಿ. ಹನ್ನೆರಡು ಮಂದಿಯ ತುಂಬುಮನೆಯ ಯಜಮಾನನು ‘ತಲೆಗೊಂದು ಮತವಿರಲಿ’ ಎನ್ನುತ್ತಾನೆ. ಇಬ್ಬರೇ ಇರುವ ಮನೆಯವನು ‘ಮನೆಗೊಂದು ಮತವಿರಲಿ’ ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು. ಇಬ್ಬರ ಮಾತಿನಲ್ಲಿಯೂ ಸ್ವಾರ್ಥವುಂಟು. ಹಲವು ರಾಜ್ಯಗಳು ಕೂಡಿ ಒಂದು ರಾಷ್ಟ್ರವಾಗಹೊರಟಾಗ ಏಳುವ ಮೊದಲನೆಯ ಜಗಳವೂ ಇದೇ.

ಈ ಜಗಳವು ತನ್ನ ಪೂರ್ಣರೂಪವನ್ನು ತಾಳಿದುದು 1787ರ ಬೇಸಗೆಯಲ್ಲಿ, ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ. ಬ್ರಿಟಿಷರಿಂದ ಬಿಡುಗಡೆ ಹೊಂದಿದ ಹದಿಮೂರು ಸಂಸ್ಥಾನಗಳು ಅದುವರೆಗೆ ಸಡಿಲವಾದ ಒಕ್ಕೂಟವೊಂದರಲ್ಲಿದ್ದುವು. ಅಲ್ಲಿ ಹಿರಿದು ಕಿರಿದೆನ್ನದೆ ಪ್ರತಿಯೊಂದಕ್ಕೂ ಒಂದೇ ಮತ. ಆ ವ್ಯವಸ್ಥೆಯನ್ನು ತಿದ್ದಲೆಂದು, ರೋಡ್ ಐಲೆಂಡ್ ಒಂದನ್ನುಳಿದು ಮಿಕ್ಕವುಗಳ ಪ್ರತಿನಿಧಿಗಳು ಜಾರ್ಜ್ ವಾಷಿಂಗ್ಟನ್ನನ ಅಧ್ಯಕ್ಷತೆಯಲ್ಲಿ ನೆರೆದರು. ಜನಸಂಖ್ಯೆಯನ್ನೋ ಸಲ್ಲಿಸುವ ತೆರಿಗೆಯನ್ನೋ ಅನುಸರಿಸಿ ಎರಡು ಸದನಗಳಲ್ಲಿಯೂ ಸ್ಥಾನಗಳನ್ನು ಹಂಚಬೇಕೆಂದು ವರ್ಜೀನಿಯದವರು ಸೂಚಿಸಿದರು. ಹಳೆಯ ಸಮಾನತೆಯೇ ಉಳಿಯಬೇಕೆಂದು ನ್ಯೂಜರ್ಸಿಯವರು ಹಟ ಹಿಡಿದರು. ಸಮಮತದ ಹಕ್ಕನ್ನು ಬಿಟ್ಟುಕೊಡಕೂಡದೆಂದು ಡೆಲವೇರಿನ ಪ್ರತಿನಿಧಿಗಳಿಗೆ ಊರಿನಿಂದಲೇ ಕಟ್ಟಪ್ಪಣೆಯಾಗಿತ್ತು. ಅವರ ಭಯವು ನಿರಾಧಾರವಾದುದಲ್ಲ. 1790ರ ಜನಗಣತಿಯಲ್ಲಿ ಡೆಲವೇರಿನ ಜನ 59 ಸಾವಿರ, ವರ್ಜೀನಿಯದ ಜನ ಅದರ ಹತ್ತು ಪಟ್ಟಿಗೂ ಮಿಗಿಲು.

ಜೂನ್ 30ರಂದು ಡೆಲವೇರಿನ ಗನಿಂಗ್ ಬೆಡ್‌ಫರ್ಡ್, ದೊಡ್ಡವರು ಮಣಿಯದಿದ್ದರೆ ಚಿಕ್ಕವರು ಪರದೇಶದವರ ಕೈ ಹಿಡಿಯಬೇಕಾದೀತೆಂದು ಗದರಿಸಿದನು. ಅದೇ ದಿನ, ಎಂಬತ್ತೊಂದು ವರ್ಷದ ಬೆಂಜಮಿನ್ ಫ್ರಾಂಕ್ಲಿನ್ ಬಡಗಿಯ ಉಪಮಾನವನ್ನಿತ್ತನು: ಮೇಜಿನ ಎರಡು ಹಲಗೆಗಳು ಕೂಡದಿದ್ದರೆ ಬಡಗಿಯು ಎರಡರ ಅಂಚನ್ನೂ ತುಸು ತುಸು ಕೆತ್ತಿ ಜೋಡಿಸುತ್ತಾನೆ. ಕನೆಕ್ಟಿಕಟ್ಟಿನ ರೋಜರ್ ಶರ್ಮನ್ ಮೊದಲೇ ಸೂಚಿಸಿದ್ದ ಹಾದಿಯೂ ಅದೇ ಆಗಿತ್ತು. ಕೆಳಮನೆಯಲ್ಲಿ ತಲೆಯೆಣಿಕೆ, ಮೇಲ್ಮನೆಯಲ್ಲಿ ಮನೆಯೆಣಿಕೆ. ಜುಲೈ 16ರಂದು ಈ ರಾಜಿಗೆ ಐದು ಸಂಸ್ಥಾನಗಳು ಪರವಾಗಿಯೂ ನಾಲ್ಕು ವಿರೋಧವಾಗಿಯೂ ನಿಂತುವು. ಮ್ಯಾಸಚೂಸೆಟ್ಸಿನ ಮತ ಇಬ್ಭಾಗವಾಯಿತು. ಒಂದೇ ಮತದ ಅಂತರದಲ್ಲಿ ರಾಷ್ಟ್ರವೊಂದು ಒಡೆಯದೆ ಉಳಿಯಿತು.

ಆದರೆ ಹಲಗೆಗಳನ್ನು ಕೆತ್ತಿದಾಗ ಉದುರಿದ ಚೂರು ಯಾರ ಮೇಲೆ ಬಿದ್ದಿತು? ಕೆಳಮನೆಯ ಎಣಿಕೆಯಲ್ಲಿ ಐವರು ಗುಲಾಮರನ್ನು ಮೂವರೆಂದು ಹಿಡಿಯತಕ್ಕದ್ದೆಂದು ತೀರ್ಮಾನವಾಯಿತು. ಅವರಿಗೆ ಮತವಿಲ್ಲ, ಅವರ ಹೆಸರಿನಲ್ಲಿ ಒಡೆಯರ ಸಂಸ್ಥಾನಗಳಿಗೆ ಹೆಚ್ಚು ಸ್ಥಾನಗಳು. ಲೆಕ್ಕಕ್ಕೆ ಸೇರಿದವರು ಮಾತಿಗೆ ಸೇರಲಿಲ್ಲ. ಆ ಅನ್ಯಾಯ ಅಳಿಯುವುದಕ್ಕೆ ಅಂತರ್ಯುದ್ಧವೇ ನಡೆಯಬೇಕಾಯಿತು.

ಮೇಲ್ಮನೆಯ ಸಮತೆಯಾದರೋ ಕಲ್ಲಿನಂತೆ ನಿಂತಿದೆ. ಸಂಸ್ಥಾನದ ಒಪ್ಪಿಗೆಯಿಲ್ಲದೆ ಅದರ ಸಮಮತವನ್ನು ಕಸಿಯಕೂಡದೆಂದು ರಾಜ್ಯಾಂಗವೇ ವಿಧಿಸಿದೆ. 2020ರ ಗಣತಿಯಂತೆ ಕ್ಯಾಲಿಫೋರ್ನಿಯದ ಜನ 3 ಕೋಟಿ 95 ಲಕ್ಷ. ವಯೋಮಿಂಗಿನವರು 6 ಲಕ್ಷಕ್ಕೂ ಕಡಮೆ. ಸೆನೇಟಿನಲ್ಲಿ ಇಬ್ಬರದೂ ಎರಡೆರಡು ಸ್ಥಾನ. ಅಂದಿನ ಅಂತರ ಹತ್ತು ಪಟ್ಟಾದರೆ ಇಂದಿನದು ಅರುವತ್ತನ್ನು ಮೀರಿದೆ.

ಭಾರತವು 1950ರಲ್ಲಿ ಬೇರೆ ದಾರಿ ಹಿಡಿಯಿತು. ಇಲ್ಲಿ ರಾಜ್ಯಸಭೆಯ ಸ್ಥಾನಗಳೂ ಬಹುಮಟ್ಟಿಗೆ ಜನಸಂಖ್ಯೆಯನ್ನೇ ಅನುಸರಿಸುತ್ತವೆ: ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಸಿಕ್ಕಿಮಿಗೆ 1. ರಾಜ್ಯಗಳ ಎಲ್ಲೆಗಳನ್ನು ತಿದ್ದುವ ಅಧಿಕಾರವೂ ಪಾರ್ಲಿಮೆಂಟಿನದೇ. ಇದು ರಾಜ್ಯಗಳ ಸಾರ್ವಭೌಮತ್ವಕ್ಕೆ ಕುಂದೆಂದು ತೋರಬಹುದು. ಆದರೆ ಹಲವು ಆಡಳಿತಗಳಲ್ಲಿ ಚದರಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದಾದುದು ಅದೇ ಅಧಿಕಾರದ ಬಲದಿಂದ ಎಂಬುದನ್ನು ಮರೆಯಲಾಗದು.

ಹಾಗೆಂದು ಹಳೆಯ ಜಗಳ ಇಲ್ಲಿ ಅಡಗಿತೆ? ಇಲ್ಲ. ಸಂತಾನವನ್ನು ಮಿತಗೊಳಿಸಿದ ರಾಜ್ಯಗಳು ಸ್ಥಾನಗಳನ್ನು ಕಳೆದುಕೊಳ್ಳದಿರಲೆಂದು, ಲೋಕಸಭೆಯ ಹಂಚಿಕೆಯನ್ನು 1976ರ ತಿದ್ದುಪಡಿಯು 1971ರ ಗಣತಿಗೆ ಕಟ್ಟಿಹಾಕಿತು. 2001ರ ತಿದ್ದುಪಡಿಯು ಆ ಗಡುವನ್ನು 2026ರ ಅನಂತರದ ಮೊದಲ ಗಣತಿಯವರೆಗೆ ಮುಂದೂಡಿತು. ಗಂಟನ್ನು ಬಿಡಿಸದೆ ಮುಂದಿನ ತಲೆಮಾರಿನ ಮಡಿಲಿಗೆ ಹಾಕಿದ್ದಾಯಿತು. ಬಿಹಾರದಲ್ಲಿ ಹುಟ್ಟಿದ ಮಗುವಿನ ತಲೆ ಕೊಡಗಿನ ಮಗುವಿನದಕ್ಕಿಂತ ಹಗುರವಲ್ಲ. ಹೇಳಿದ ಮಾತನ್ನು ನಡೆಸಿಕೊಟ್ಟ ರಾಜ್ಯಕ್ಕೆ ಆ ನಡತೆಯೇ ಶಿಕ್ಷೆಯಾಗುವುದೂ ನ್ಯಾಯವಲ್ಲ.

ಈ ಎರಡು ನ್ಯಾಯಗಳಲ್ಲಿ ಒಂದನ್ನು ಮಾತ್ರ ಹಿಡಿದವನು ರಾಷ್ಟ್ರದ ಮೇಜನ್ನು ಕೂಡಿಸಲಾರ. ಎರಡು ಹಲಗೆಗಳನ್ನೂ ಕೆತ್ತಲೇಬೇಕು. ಕೆತ್ತುವಾಗ, ಸಭೆಯಲ್ಲಿ ಕುಳಿತಿಲ್ಲದವನ ಮೈಮೇಲೆ ಉಳಿ ಬೀಳದಂತೆಯೂ ನೋಡಿಕೊಳ್ಳಬೇಕು. ಫಿಲಡೆಲ್ಫಿಯದ ಬಡಗಿಗಳು ಮೊದಲನೆಯದನ್ನು ಬಲ್ಲವರಾಗಿದ್ದರು, ಎರಡನೆಯದನ್ನು ಮರೆತರು.