ಶಿಸ್ತಿನ ಪಟ್ಟಿ ಯಾರಿಗೆ?

1837ರಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿದರು. ಮಿಷನ್ ಶಾಲೆಗಳು ಕಲಿಸಿದ ಅಕ್ಷರದ ಋಣ ದೊಡ್ಡದು. ಮಗು ಹೊತ್ತಿಗೆ ಬರಬೇಕು, ತಲೆ ಬಾಚಿರಬೇಕು, ಮೇಷ್ಟರಿಗೆ ಎದುರಾಡಬಾರದು. ಇದಕ್ಕೆ ನಮ್ಮ ತಕರಾರಿಲ್ಲ. ಆದರೆ ಬೆತ್ತ? (ನಾವೂ ಮೇಷ್ಟರಾಗಿದ್ದವರೇ, ಬೆತ್ತ ಕಲಿಸಿದ ಮಗ್ಗಿ ಮರುದಿನ ಉಳಿಯದು.) 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 2014ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದಿತು. ಅಂದರೆ ಒಂದೇ ಬೀದಿಯ ಇಬ್ಬರು ಮಕ್ಕಳಲ್ಲಿ ಸರ್ಕಾರಿ ಶಾಲೆಯವನಿಗೆ ಆ ಕಾಯಿದೆಯ ಆಸರೆಯುಂಟು, ಮಿಷನ್ ಶಾಲೆಯವನಿಗಿಲ್ಲ! ಸಂಸ್ಥೆಯ ಸ್ವಾತಂತ್ರ್ಯವನ್ನು ನಾವು ಗೌರವಿಸುತ್ತೇವೆ. ಅದಕ್ಕೆ ಮಗುವಿನ ಬೆನ್ನು ಒತ್ತೆಯಲ್ಲ. ತುಮಕೂರು, ಗುಬ್ಬಿ, ಕುಣಿಗಲಿನ ಆಡಳಿತ ಮಂಡಲಿಗಳು ಮಕ್ಕಳ ನಿಯಮಪಟ್ಟಿಯ ಪಕ್ಕದಲ್ಲೇ ‘ಇಲ್ಲಿ ಯಾರೂ ಮಗುವನ್ನು ಹೊಡೆಯಕೂಡದು’ ಎಂದು ಬರೆಸಲಿ. ಪೋಷಕ ಬಂಧುಗಳೇ, ಫೀಜು ಕಟ್ಟುವ ದಿನವೇ ಇದನ್ನು ಕೇಳಿರಿ.